ಬಾಣಂತಿ ಕೋಣೆಯ ಚಿಲಕ

ನಮ್ಮ ಮನೆಯ ಬಚ್ಚಲಿಗೆ ಚಿಲಕವಿದೆ, ನಾನು ಹಾಕುವುದಿಲ್ಲ. ಬಾಗಿಲಿಗೆ ಬಕೆಟ್ಟು ಒತ್ತಿಟ್ಟು ಸ್ನಾನ ಮಾಡುತ್ತೇನೆ. ಇಪ್ಪತ್ತೇಳು ವರ್ಷದಿಂದ ಹೀಗೇ. ಹುಬ್ಬಳ್ಳಿಗೆ ಹೋದರೆ ಲಿಫ್ಟ್ ಬಿಟ್ಟು ಐದು ಮಹಡಿ ಹತ್ತುತ್ತೇನೆ. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಸಿಗದಿದ್ದರೆ ಮುಂದಿನ ಬಸ್ಸು. ನೆಂಟರು ಇದನ್ನು ಜಂಬ ಅಂತಾರೆ. ಅನ್ನಲಿ, ಎಷ್ಟು ಜನಕ್ಕೆ ಅಂತ ಬಿಡಿಸಿ ಹೇಳುವುದು, ಸಾಕಾಗಿ ಹೋಗಿದೆ.

ಇದು ಶುರುವಾದದ್ದು ಹೆಗ್ಗರಣೆ ಹತ್ತಿರದ ತವರುಮನೆಯಲ್ಲಿ, ಮಗಳು ಹುಟ್ಟಿದ ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ. ನಮ್ಮಲ್ಲಿ ಬಾಣಂತಿಗೆ ಗಾಳಿ ತಾಗಬಾರದು. ಕಿಟಕಿ ಸಂದಿಗೆ ಹಳೇ ಬಟ್ಟೆ ತುರುಕುತ್ತಾರೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೂಲೆಯಲ್ಲಿ ಕೆಂಡ, ಅದರ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ. ಬೆಕ್ಕು ನುಗ್ಗುತ್ತದೆ ಅಂತ ಆಯಿ, ಅಂದರೆ ನನ್ನಮ್ಮ (ನಮ್ಮಲ್ಲಿ ಅಮ್ಮನನ್ನು ಆಯಿ ಅಂತಲೇ ಕರೆಯುವುದು), ಹೊರಗಿನಿಂದ ಚಿಲಕ ಹಾಕಿ ಊಟ ಬಡಿಸಲು ಹೋದಳು. ಹೊಗೆಯಲ್ಲಿ ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗಾಯಿತು. ಎಳೆದ ಉಸಿರು ಒಳಗೆ ಹೋಗುತ್ತಿಲ್ಲ. ಬಾಗಿಲು ಬಡಿದೆ, ಕೂಗಿದೆ. ಬಂದವರು ನನ್ನ ಮುಖ ನೋಡಿ ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿಬಿಟ್ಟರು, ಬಾಣಂತಿ ಸನ್ನಿ ಅಂತ. ಗಾಳಿ ತಾಗಿದ್ದಕ್ಕೇ ಸನ್ನಿ ಬಂದದ್ದಂತೆ. ಹಾಗಾಗಿ ಇನ್ನೊಂದು ಕಂಬಳಿ ಹೊದೆಸಿದರು, ಕೆಂಡ ಹೆಚ್ಚು ಮಾಡಿದರು, ಚಿಲಕ ಮತ್ತೆ ಹಾಕಿದರು. ಬಾಣಂತಿ ಕೂಗಲಾಗ, ಕೂಗಬಾರದು ಅಂತ ಆಯಿ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು. ಇನ್ನೂ ನಾಲ್ಕು ವಾರ ಹಾಗೇ ಇದ್ದೆ. ಹೇಗಿದ್ದೆ ಅಂತ ಕೇಳಬೇಡಿ.

ಈ ವರ್ಷ ಅದೇ ಮಗಳು ಚೊಚ್ಚಲ ಹೆರಿಗೆಗೆ ಯಲ್ಲಾಪುರದ ನಮ್ಮ ಮನೆಗೆ ಬರುವುದೆಂದಾಯಿತು. ಎಂಬತ್ತು ದಾಟಿದ ಆಯಿ ಉಸ್ತುವಾರಿಗೆ ಅಂತ ಮೊದಲೇ ಬಂದು ಕೂತಳು. ಹಿಂದಿನ ಕೋಣೆಯೇ ಸೈ ಅಂದಳು. ಅದಕ್ಕಿರುವುದು ಒಂದೇ ಕಿಟಕಿ. ಎಣ್ಣೆ, ಹೊಗೆ, ಮಗುವಿನ ಆರೈಕೆ ಎಲ್ಲ ಆ ಮುಚ್ಚಿದ ಕೋಣೆಯೊಳಗೆ ನಾನೇ ಮಾಡಬೇಕು. ನಾನು ಒಳಗೆ ಕೂರಲಾರೆ ಅಂದರೆ ಮಗಳನ್ನು ನೋಡಿಕೊಳ್ಳುವವರು ಯಾರು? ಆ ಚಿಂತೆಗೆ ಊಟ ಸೇರದಾಯಿತು. ಕೊನೆಗೆ ಶಿರಸಿಯ ಡಾಕ್ಟರೊಬ್ಬರ ಹತ್ತಿರ ಹೋಗಿ ಎಲ್ಲ ಒದರಿದೆ. ಅವರು ನಗಲಿಲ್ಲ, ಅದೇ ದೊಡ್ಡದು. ಇದು ಹುಚ್ಚಲ್ಲ, ಹೆದರಿಕೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಳ್ಳಿ ಅಂದರು.

ಮಾಡಿಕೊಂಡೆ. ಶಾಲೆಯಲ್ಲಿ ಪಾಠ ಮುಗಿಸಿ ಬಂದು ಉಗ್ರಾಣದಲ್ಲಿ ಕೂರುವುದು. ಮೊದಲು ಬಾಗಿಲು ಅರ್ಧ ತೆರೆದು, ಆಮೇಲೆ ಮುಚ್ಚಿ, ಆಮೇಲೆ ಚಿಲಕ ಹಾಕಿ. ಮೊದಲ ವಾರ ಎರಡೇ ನಿಮಿಷಕ್ಕೆ ಬೆವರಿ ಓಡಿಬರುತ್ತಿದ್ದೆ. ಐವತ್ತೊಂದರ ಹೆಂಗಸು ಅಕ್ಕಿ ಡಬ್ಬಿ ಅಪ್ಪಿಕೊಂಡು ಕತ್ತಲಲ್ಲಿ ಮಗ್ಗಿ ಹೇಳುವುದು, ಥೂ, ನನ್ನ ಅವಸ್ಥೆ ನೋಡಿ ನನಗೇ ಅಳುವೂ ನಗುವೂ. ಎರಡು ತಿಂಗಳಿಗೆ ಅರ್ಧ ಗಂಟೆ ಕೂರುವಷ್ಟಾಯಿತು. ಗೆದ್ದೆ ಅನ್ನಿಸಲಿಲ್ಲ, ಸುಸ್ತಾಗಿತ್ತು ಅಷ್ಟೇ.

ಮಗು ಹುಟ್ಟಿತು, ಹೆಣ್ಣು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಬೆಳಿಗ್ಗೆ ಇಬ್ಬರಿಗೂ ಎರೆದು ಒಳಗೆ ಮಲಗಿಸಿದೆ. ಆಯಿ ಕೆಂಡಕ್ಕೆ ಓಮ ಹಾಕಿ ಕೊಟ್ಟಳು. ನಾನೇ ಬಾಗಿಲು ಮುಚ್ಚಿದೆ, ಒಳಗಿನಿಂದ ನಾನೇ ಚಿಲಕ ಹಾಕಿದೆ. ಮಂಚದ ಪಕ್ಕ ಕೂತು ಎದೆ ಮುಟ್ಟಿ ನೋಡಿಕೊಂಡೆ, ಪರವಾಗಿಲ್ಲ. ಸುಳ್ಳೇಕೆ ಹೇಳಲಿ, ಹೆಮ್ಮೆಯೇ ಆಯಿತು.

ಸ್ವಲ್ಪ ಹೊತ್ತಿಗೆ ಮಗಳು ಎದ್ದು ಕೂತಳು. ತಲೆಗೆ ಕಟ್ಟಿದ ಬಟ್ಟೆ ಕಿತ್ತಳು. ಹಣೆಯೆಲ್ಲ ನೀರು.

"ಆಯಿ, ಬಾಗ್ಲು ತೆಗೆ. ಯಂಗೆ ಉಸ್ರಾಡಲೆ ಆಗ್ತಿಲ್ಲೆ."

ಇನ್ನು ಹತ್ತೇ ನಿಮಿಷ ಅಂದೆ. ರೂಢಿಯಾಗುತ್ತದೆ, ನನಗೇ ಆಗಿದೆ, ನಿನಗಾಗುವುದಿಲ್ಲವೇ ಅಂದೆ. ಅವಳು ಸ್ವರ ಏರಿಸಿದಳು. ಹೊರಗಿರುವ ಆಯಿ ಕೇಳಿಸಿಕೊಂಡು ಮತ್ತೆ ಸನ್ನಿ ಅಂದುಬಿಟ್ಟರೆ ಅಂತ ಗಾಬರಿಯಾಯಿತು. ಮಗಳ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿಬಿಟ್ಟೆ.

"ಕೂಗಡ. ಬಾಣಂತಿ ಕೂಗಲಾಗ."

ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತು ಅಂತ ಗೊತ್ತಾಯಿತು. ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಎರಡು ತಿಂಗಳು ಉಗ್ರಾಣದಲ್ಲಿ ಬೆವರು ಸುರಿಸಿ ನಾನು ತಯಾರಾದದ್ದು ಇದಕ್ಕೆ, ಅವಳನ್ನು ಕೂಡಿಹಾಕಿ ಕಾವಲು ಕೂರುವುದಕ್ಕೆ. ಈ ಕೋಣೆಯೇ ಬೇಡ ಅನ್ನಬಹುದಿತ್ತು. ಅಷ್ಟು ಸಣ್ಣ ಮಾತು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಚಿಲಕ ತೆಗೆದೆ. ಮಗುವನ್ನೆತ್ತಿಕೊಂಡು ಮಗಳನ್ನು ಮುಂದಿನ ಕೋಣೆಗೆ ಕರೆತಂದು ತೆರೆದ ಬಾಗಿಲ ಹತ್ತಿರ ಕೂರಿಸಿದೆ. ಗಾಳಿ ತಾಗುತ್ತದೆ ಅಂತ ಆಯಿ ಗೊಣಗಲು ಶುರುಮಾಡಿದಳು. ನನ್ನ ಮಗಳು ಬಾಯಿ ತೆರೆದು ಉಸಿರೆಳೆದುಕೊಳ್ಳುವುದನ್ನು ನೋಡಿ ನಿಲ್ಲಿಸಿದಳು. ನನ್ನ ಕಡೆ ತಿರುಗಿದಳು.

"ಅಂದು ನಿಂಗೂ ಹೀಂಗೇ ಆಗಿತ್ತನೇ?"

ಹೌದು ಅಂದೆ. ಸಿಟ್ಟು ಮಾಡಲಿಕ್ಕೂ ತ್ರಾಣ ಉಳಿದಿರಲಿಲ್ಲ. ಆಯಿ ಗೋಡೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಎರಡೂ ಕೈಯಲ್ಲಿ ಕಿಟಕಿಯ ಬಾಗಿಲು ದಬ್ಬುತ್ತ ನಿಂತಿದ್ದಳು. ಅದು ಬಿಗಿದುಕೊಂಡಿತ್ತು, ಅವಳೊಬ್ಬಳ ಕೈಲಿ ಆಗುವಂತಿರಲಿಲ್ಲ. ನಾನೂ ಕೈ ಹಾಕಿದೆ.