ತಿಪ್ಪಮ್ಮ ಮತ್ತು ಯಾಬೇಚ

ಇವತ್ತು ಬಟ್ಟೆಯ ಗಂಟು ಹಿಡಿದು ಹರಿಹರದ ಇಸ್ತ್ರಿ ಅಂಗಡಿಯ ಮುಂದೆ ನಿಂತಾಗ ಕಾದ ಇದ್ದಿಲಿನ ವಾಸನೆ ಮೂಗಿಗೆ ಬಡಿಯಿತು. ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೇಲರ್ ಯಾಬೇಚ ಮಾಮ ನೆನಪಾದರು. ಅವರ ಇಸ್ತ್ರಿಪೆಟ್ಟಿಗೆಯದೂ ಇದೇ ವಾಸನೆ.

ನನ್ನ ಹೆಸರು ತಿಪ್ಪಮ್ಮ. ನನಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಅದಕ್ಕೇ ಅಜ್ಜಿ ನನ್ನನ್ನು ಮೊರದಲ್ಲಿಟ್ಟು, ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದಿದ್ದಳು. ಸಾವಿಗೂ ಬೇಡವಾಗಲಿ ಎಂದು ಇಟ್ಟ ಹೆಸರು ಅದು. ಶಾಲೆಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಲಂಗಕ್ಕೆ ಅಳತೆ ಕೊಡಲು ಹೋದವಳು ಮಾಮನ ಮುಂದೆ ಅತ್ತುಬಿಟ್ಟೆ. ಹೆಸರು ಬದಲಿಸದಿದ್ದರೆ ಶಾಲೆಗೇ ಹೋಗುವುದಿಲ್ಲ ಎಂದೆ.

ಮಾಮ ಟೇಪನ್ನು ಕೊರಳಿಗೆ ಹಾಕಿಕೊಂಡರು. "ನನ್ನ ಹೆಸರಿನ ಅರ್ಥ ಗೊತ್ತೈತೇನವ್ವ? ನೋವು ಅಂತ. ಬೈಬಲ್‌ನಾಗೆ ಒಬ್ಬಾಕಿ ಭಾಳ ನೋವುಂಡು ಹಡೆದು, ಮಗನಿಗೆ ಅದನ್ನೇ ಹೆಸರಿಟ್ಲು. ಆತ ದೊಡ್ಡವನಾಗಿ, ನನಗೆ ನೋವು ಬ್ಯಾಡಪ್ಪಾ ಅಂತ ದೇವರನ್ನ ಬೇಡಿಕೊಂಡ. ದೇವರು ಹಂಗೇ ನಡೆಸಿಕೊಟ್ಟ."

"ಆಮೇಲೆ ಹೆಸರು ಬದಲಿಸಿಕೊಂಡ್ನಾ?"

"ಯಾಕ ಬದಲಿಸ್ತಾನೆ? ಆ ಹೆಸರಿನಾಗೇ ಬದುಕಿದ್ನಲ್ಲ."

ಕಣ್ಣೊರೆಸಿಕೊಂಡು ಅಳತೆ ಕೊಟ್ಟೆ, ಮರುದಿನ ಶಾಲೆಗೂ ಹೋದೆ. ಆದರೆ ಧೈರ್ಯ ಬಹಳ ದಿನ ಉಳಿಯಲಿಲ್ಲ. ಮದುವೆಯಾಗಿ ಹರಿಹರಕ್ಕೆ ಬಂದಮೇಲೆ ಎಲ್ಲರಿಗೂ ತೇಜಾ ಎಂದೇ ಹೇಳಿಕೊಂಡೆ.

"ಗಂಟಿನ ಮ್ಯಾಲೆ ಏನಂತ ಬರೀಲ್ರಿ ಅಕ್ಕಾ?" ಇಸ್ತ್ರಿ ಮಾಡುವಾಕೆ ಕೇಳಿದಳು.

"ತಿಪ್ಪಮ್ಮ ಅಂತ ಬರಿಯವ್ವ."

ಆಕೆ ತಲೆ ಎತ್ತಲಿಲ್ಲ. ಬರೆದುಕೊಂಡಳು, ಅಷ್ಟೇ.