ಅವಳು ಅಳಿಸಿದ ಗುರುತು

ಐದು ಸಲ ಚಾಂಪಿಯನ್ ಆದವಳನ್ನು ನಾವು ಕ್ಲಬ್ಬಿನ ಹುಡುಗಿಯರು ‘ರೋಲರ್’ ಎಂದೇ ಕರೆಯುತ್ತಿದ್ದೆವು. ಅವಳಪ್ಪ ನಮ್ಮ ಟೆನಿಸ್ ಕ್ಲಬ್ಬಿನ ಕೋರ್ಟು ನೋಡಿಕೊಳ್ಳುವವರು. ಬೆಳಿಗ್ಗೆ ಎದ್ದು ಮೂರು ಮಣ್ಣಿನ ಕೋರ್ಟುಗಳಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದರು. ನೆಟ್ಟು, ಪೊರಕೆ, ಬಕೆಟ್ಟು ತುಂಬಿದ ಕೋಣೆಯ ಪಕ್ಕದ ಒಂದೇ ಕೋಣೆ ಅಪ್ಪ ಮಗಳ ಮನೆ. ತಾಯಿಯಿಲ್ಲದ ಹುಡುಗಿ ಯಾರೋ ಬಿಸಾಡಿದ ರ‍್ಯಾಕೆಟ್ ಹಿಡಿದು ಗೋಡೆಗೆ ಚೆಂಡು ಬಡಿಯುತ್ತಲೇ ಬೆಳೆದಳು. ನಾವು ವರ್ಷಗಟ್ಟಲೆ ಹೇಳಿಸಿಕೊಂಡು ಕಲಿತದ್ದನ್ನು ಅವಳು ಬರೀ ನೋಡಿ ಕಲಿತಳು. ನನಗೆ ಹೊಟ್ಟೆಯುರಿ, ಸುಳ್ಳೇಕೆ ಹೇಳಲಿ.

ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದಲ್ಲೆಲ್ಲ ಗುರುತು ಉಳಿಯುತ್ತದೆ. ಅವಳಪ್ಪನಿಗೆ ಅದು ಕಂಡರಾಗದು. “ಏಯ್, ಗುರುತು ಅಳಿಸೇ!” ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು. ಅವಳ ಬಲಗಾಲಿಗೆ ಅದೇ ಅಭ್ಯಾಸವಾಗಿಹೋಯಿತು.

ಹತ್ತೊಂಬತ್ತಕ್ಕೆ ಅವಳ ಮೊದಲ ಫೈನಲ್ಲು, ನಮ್ಮ ಕ್ಲಬ್ಬಿನಲ್ಲೇ. ಎದುರಾಳಿ ನಾನೇ. ಗೆದ್ದವಳಿಗೆ ದೇಶದ ತಂಡದಲ್ಲಿ ಜಾಗ. ಅವಳಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ನನಗೆ ಗೆಲ್ಲಲು ಒಂದೇ ಪಾಯಿಂಟು ಬೇಕಿದ್ದಾಗ ನಾನು ಹೊಡೆದ ಚೆಂಡು ಗೆರೆಯಿಂದ ಗೇಣುದ್ದ ಆಚೆ ಬಿತ್ತು. ಅವಳು “ಔಟ್” ಎಂದು ಬೆರಳೆತ್ತಿದಳು. ಅಷ್ಟರಲ್ಲೇ ಬಲಗಾಲು ತನ್ನ ಪಾಡಿಗೆ ಗುರುತನ್ನು ಸವರಿಬಿಟ್ಟಿತು.

“ಗುರುತು ತೋರಿಸ್ಲಿ ಸಾರ್” ಎಂದೆ ತೀರ್ಪುಗಾರರಿಗೆ. ಎಲ್ಲಿಂದ ತೋರಿಸುತ್ತಾಳೆ? ಗುರುತು ಅಳಿಸಿದವರು ಪಾಯಿಂಟು ಬಿಟ್ಟುಕೊಡಬೇಕು ಎಂಬುದು ನಿಯಮ. ನಾನು ಗೆದ್ದೆ. ಅವಳಪ್ಪ ಎದ್ದು ತಲೆ ತಗ್ಗಿಸಿಕೊಂಡು ಹೊರಟುಹೋದರು.

ದೇಶದ ತಂಡದಲ್ಲಿ ನನ್ನ ಬೇಳೆ ಬೇಯಲಿಲ್ಲ. ಎರಡೇ ವರ್ಷಕ್ಕೆ ಗಂಟುಮೂಟೆ ಕಟ್ಟಿದೆ. ಅವಳು ನನಗೆ ಸೋತ ಮರುವರ್ಷವೇ ಚಾಂಪಿಯನ್ ಆದಳು, ಹದಿನಾಲ್ಕು ವರ್ಷ ಆಡಿದಳು. ಅಪ್ಪ ಮಾತ್ರ ಒಂದು ಪಂದ್ಯವನ್ನೂ ನೋಡಲಿಲ್ಲ. ಪ್ರತಿವರ್ಷ ನಮ್ಮ ಕ್ಲಬ್ಬಿನಲ್ಲೇ ನಡೆಯುವ ಫೈನಲ್ಲಿಗೆ ಕೋರ್ಟು ಹಸನು ಮಾಡಿಕೊಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಪ್ಪಾಳೆ ಕೇಳಿಯೇ ಯಾರು ಮುಂದಿದ್ದಾರೆಂದು ಅಂದಾಜು ಮಾಡುತ್ತಿದ್ದರಂತೆ. ಮಗಳು ಕೈಹಿಡಿದು ಎಳೆದರೂ ಬರಲಿಲ್ಲ. “ನಾನು ಕಣ್ಣೆದುರಿಗಿದ್ರೆ ಅವಳ ಕಾಲು ಸುಮ್ನಿರಲ್ಲ. ಒಂದ್ಸಲ ಸೋಲಿಸಿದ್ದು ಸಾಕು” ಎನ್ನುತ್ತಿದ್ದರು.

ಹೋದ ತಿಂಗಳು ಮೊಣಕಾಲು ಕೈಕೊಟ್ಟು ಅವಳು ಆಟ ಬಿಟ್ಟಳು. ಅವರ ಕೋಣೆಯ ಹೊರಗೆ ಕೂತು ಬೀಳ್ಕೊಡುಗೆಯ ಚಹಾ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ.

“ಅವತ್ತು ಚೆಂಡು ಔಟಾಗಿದ್ದು ನಂಗೆ ಕಂಡಿತ್ತು ಕಣೇ. ನೀನು ಗುರುತು ಅಳಿಸಿದ್ದು ನೋಡೇ ಕೇಳಿದ್ದು.”

ಅವಳು ಲೋಟ ಕೆಳಗಿಟ್ಟಳು. “ನಂಗ್ಯಾಕೆ ಹೇಳ್ತೀಯ? ಒಳಗೆ ಹೋಗಿ ಅಪ್ಪಂಗೆ ಹೇಳು.”

ಅವರು ಹರಿದ ನೆಟ್ಟು ಹೊಲಿಯುತ್ತ ಕೂತಿದ್ದರು. ಎಲ್ಲ ಹೇಳಿದೆ. “ತಪ್ಪು ನಿಮ್ದಲ್ಲ ಮಾಮಾ, ನಂದು” ಎಂದೆ. ಉಗಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ದಬ್ಬಳವನ್ನು ನೆಟ್ಟಿಗೆ ಸಿಕ್ಕಿಸಿ ತಲೆಯೆತ್ತಿದರು.

“ಹಾಗಾದ್ರೆ ನಾನು ನೋಡಬಹುದಿತ್ತು, ಅಲ್ವೇನಮ್ಮ?”

ಅವರು ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿದರು.

“ಕೂತ್ಕೋ. ನೀನು ನೋಡಿದೀಯಲ್ಲ, ಹೇಳು. ನನ್ನ ಮಗಳು ಹೇಗಾಡ್ತಿದ್ಲು?”