ಲೈನ್‌ಮನ್ ದೇವಯ್ಯ ಮತ್ತು ಪಟ್ಟವಿಲ್ಲದ ಚಿಕ್ಕರಸು

ಹಳ್ಳಿಮೈಸೂರಿನ ಲೈನ್‌ಮನ್ ದೇವಯ್ಯನಿಗೆ ಊರ ನಾಟಕದಲ್ಲಿ ಇಪ್ಪತ್ತು ವರ್ಷವೂ ಸಿಕ್ಕಿದ್ದು ಬಾಗಿಲು ಕಾಯುವ ಪಾತ್ರ. ರಾಜನಾಗಲು ಗಂಟಲು ಸಾಲದೆಂದು ನಾಟಕದ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ಹಾಗಿರುವಾಗ, ಎರಡು ಸಾವಿರದ ಒಂದರಲ್ಲಿ, ನಾಗೇಶ ಬಸ್ ಸ್ಟ್ಯಾಂಡಿನ ಎದುರು ವಿಡಿಯೊ ಗೇಮ್ ಅಂಗಡಿ ತೆರೆದ.

ಅಲ್ಲೊಂದು ಆಟದ ಕ್ಯಾಸೆಟ್ ಇತ್ತು. ಅದರಲ್ಲಿ ಚಿಕ್ಕಪ್ಪನೇ ದಂಡು ಕಟ್ಟಿ ಬಂದು, ಇನ್ನೂ ಮೀಸೆ ಮೂಡದ ಅರಸನನ್ನು ರಾಜ್ಯದಿಂದ ಅಟ್ಟುತ್ತಾನೆ. ಹುಡುಗ ಕಾಡುಮೇಡು ಅಲೆದು, ಮಾಯಾವಿಗಳನ್ನು ಗೆದ್ದು ಕೋಟೆಗೆ ಮರಳಬೇಕು. ಪರದೆಯ ಮೇಲಿನ ಇಂಗ್ಲಿಷ್ ನಾಗೇಶನಿಗೂ ತಿಳಿಯದು, ದೇವಯ್ಯನಿಗೂ ತಿಳಿಯದು. ಆದರೆ ನಾಗೇಶ ಆಡುತ್ತಿದ್ದರೆ ದೇವಯ್ಯ ಪಕ್ಕದ ಸ್ಟೂಲಿನಲ್ಲಿ ಕೂತು ಅರಸನಿಗೆ ತಾನೇ ಮಾತು ಕಟ್ಟುತ್ತಿದ್ದ.

"ಎಲೈ ಚಿಕ್ಕಪ್ಪನೇ, ನನ್ನ ತಂದೆಯ ಸಿಂಹಾಸನದಿಂದ ಕೆಳಗಿಳಿ!"

ಬಸ್ಸಿಗೆ ನಿಂತವರೂ ತಿರುಗಿ ನೋಡುತ್ತಿದ್ದರು. ಆ ಗಂಟಲಿಗೆ ಏನು ಕೊರತೆಯಿತ್ತೋ, ಮೇಷ್ಟ್ರೇ ಬಲ್ಲರು!

ತೊಂದರೆ ಒಂದೇ. ಆಡಿದಷ್ಟನ್ನು ಉಳಿಸಿಕೊಳ್ಳುವ ಸೌಕರ್ಯ ಆ ವಿಡಿಯೊ ಗೇಮ್ ಸೆಟ್ಟಿನಲ್ಲಿ ಇರಲಿಲ್ಲ. ಕರೆಂಟ್ ಹೋದರೆ ಆಟ ಮತ್ತೆ ಮೊದಲಿಂದ. ಕಥೆ ಮುಗಿಯಲು ಐದು ತಾಸು ಬೇಕು, ನಮ್ಮ ಕಡೆ ಮೂರು ತಾಸು ಕರೆಂಟ್ ಇದ್ದರೆ ಅದೇ ಪುಣ್ಯ. ಹೀಗಾಗಿ ಚಿಕ್ಕರಸು ವಾರಕ್ಕೆ ನಾಲ್ಕು ಸಲ ರಾಜ್ಯ ಕಳೆದುಕೊಳ್ಳುತ್ತಿದ್ದ. ಅವನ ಪಟ್ಟಾಭಿಷೇಕವನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕೆಂಬುದು ದೇವಯ್ಯನಿಗೆ ಹಟವೇ ಆಯಿತು.

ಒಂದು ದಿನ ಅವನೇ ಸುದ್ದಿ ತಂದ. "ಲೇ ನಾಗೇಶ, ಈ ಭಾನ್ವಾರ ಸಂಜೆಗಂಟ ಕರೆಂಟ್ ತೆಗೆಯಾಕಿಲ್ಲ ಕಣ್ಲಾ. ಉಡುಗನ್ನ ಪಟ್ಟಕ್ಕೆ ಕೂರಿಸ್ಬುಡಾನ."

ಆ ಭಾನುವಾರ ಮಧ್ಯಾಹ್ನ ಚಿಕ್ಕರಸು ಕೋಟೆ ಹೊಕ್ಕ. ಚಿಕ್ಕಪ್ಪ ಬೀಳಲು ಇನ್ನೆರಡು ಏಟು ಸಾಕಿತ್ತು. ದೇವಯ್ಯ ಪಟ್ಟಾಭಿಷೇಕದ ಮಾತಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ, ಗದ್ದೆಯ ಕಡೆಯಿಂದ ರೈತ ಬೈರಯ್ಯ ಏದುಸಿರು ಬಿಡುತ್ತ ಓಡಿಬಂದ.

"ದೇವಯ್ಯಣ್ಣೋ, ಲೈನ್ ಅರ್ಕೊಂಡು ಗದ್ದೆ ನೀರಿಗೆ ಬಿದ್ದದೆ! ಕಳೆ ಕೀಳ್ತಿದ್ದ ಲಕ್ಷ್ಮಿದೇವಮ್ಮ ಗದ್ದೆ ಬದಿನ ಮೇಲೆ ಸಿಕ್ಕಾಕ್ಕೊಂಡವ್ಳೆ!"

"ಎರಡೇ ಏಟು ಕಣಣ್ಣ, ಅರ್ಧ ನಿಮಿಷ!" ನಾಗೇಶ ಗೋಗರೆದ.

ಆ ಲೈನಿನ ಸ್ವಿಚ್ಚಿನ ಕಂಬ ಅಂಗಡಿಯ ಪಕ್ಕದಲ್ಲೇ ಇತ್ತು. ದೇವಯ್ಯ ಪರದೆಯತ್ತ ತಿರುಗಿಯೂ ನೋಡದೆ ಹೋಗಿ ಹಿಡಿ ಎಳೆದ. ಅಂಗಡಿಯ ಕರೆಂಟೂ ಹೋಗಿ ಪರದೆ ಕಪ್ಪಾಯಿತು. ಲಕ್ಷ್ಮಿದೇವಮ್ಮ ನಡುಗುತ್ತ ಮನೆ ಸೇರಿದಳು.

ಮುಂದಿನ ವಾರವೇ ಸೆಟ್ಟು ಸುಟ್ಟುಹೋಯಿತು. ಅಂಥ ಕ್ಯಾಸೆಟ್ ಹಾಸನದಲ್ಲೂ ಮತ್ತೆ ಸಿಗಲಿಲ್ಲ. ನಾಗೇಶನ ಅಂಗಡಿಯಲ್ಲಿ ಮೊಬೈಲ್ ರೀಚಾರ್ಜ್ ಶುರುವಾಯಿತು, ದೇವಯ್ಯನಿಗೆ ನಿವೃತ್ತಿಯೂ ಆಯಿತು. ಸಂಜೆ ಇಬ್ಬರೂ ಟೀ ಕುಡಿಯುತ್ತ ಆ ದಿನಗಳನ್ನು ನೆನೆಯುತ್ತಾರೆ. ಅಂಥ ಸುಖ ಮತ್ತೆ ಬರಲಿಲ್ಲ ಎಂದು ದೇವಯ್ಯ ಬಾಯಿಬಿಟ್ಟೇ ಹೇಳುತ್ತಾನೆ.

ಒಮ್ಮೆ ನಾಗೇಶ ಕೇಳಿಯೇಬಿಟ್ಟ. "ಅರ್ಧ ನಿಮಿಷ ತಡೆದಿದ್ರೆ ಏನಾಗೋದಣ್ಣ?"

ದೇವಯ್ಯ ಲೋಟ ಕೆಳಗಿಟ್ಟ. "ಏನೂ ಆಗ್ತಿರ್ನಿಲ್ವೇನೋ. ಆದ್ರೆ ಸಿಂಹಾಸನದ ಆಸೆಗೆ ಒಂದು ಜೀವ ಪಣಕ್ಕಿಟ್ಟಿದ್ರೆ, ನಾನೇ ಆ ಚಿಕ್ಕಪ್ಪ ಆಗ್ಬುಡ್ತಿದ್ದೆ ಕಣ್ಲಾ."